ಕೈ ಮುಗಿದದ್ದಲ್ಲ

ಆ ಹುಡುಗಿ ಬಂದ ಸಂಜೆ ನನ್ನ ಕೈ ಕಚ್ಚಿದಳು. ನನಗೆ ಸಮಾಧಾನವಾಯಿತು.

ಐದು ವರ್ಷದ ಮಗು. ಎರಡು ಮೂರು ದಿನದಿಂದ ಬಿಡದ ಜ್ವರ, ವಾಂತಿ, ತಲೆನೋವು. ಆ ಮಧ್ಯಾಹ್ನ ಒಂದು ಸಲ ಫಿಟ್ಸು ಬಂದಿತ್ತು. ಕುತ್ತಿಗೆ ಬಿಗಿದುಕೊಂಡಿತ್ತು. ಗದ್ದವನ್ನು ಎದೆಯ ಕಡೆ ಬಗ್ಗಿಸಲು ನೋಡಿದಾಗ ಚೀರಿ, ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಲ್ಲು ಊರಿದಳು. ಮಿದುಳಿಗೆ ಸೋಂಕು ತಗುಲಿದ ಮಗು ಕಚ್ಚಿತೆಂದರೆ ನೋವು ಎಲ್ಲಿಂದ ಬರುತ್ತಿದೆ, ಯಾರು ಕೊಡುತ್ತಿದ್ದಾರೆ ಎಂಬುದು ಅದಕ್ಕೆ ಗೊತ್ತಿದೆ ಎಂದರ್ಥ. ಅವಳ ಅಪ್ಪ ಮಾತ್ರ ನಾಚಿಕೊಂಡು ಮುದ್ದೆಯಾದ.

"ತೆಪ್ಪು ತಿಳ್ಕಬ್ಯಾಡಿ ಮೇಡಂ, ಮುನ್ನಿ ಇಂಗೆಲ್ಲ ಮಾಡೋಳಲ್ಲ" ಎಂದ.

"ಮಾಡಲಿ ಬಿಡಿ. ಮಾಡ್ತಿದ್ರೇನೇ ಒಳ್ಳೇದು" ಎಂದೆ.

ಅವನು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಬೈಕು, ಟ್ರಾಕ್ಟರುಗಳ ಸೀಟು ಹೊಲಿಯುವವನು. ಹೆಂಡತಿಗೆ ಕನ್ನಡ ಅರ್ಥವಾಗುತ್ತಿತ್ತು, ಮಾತು ಬರುತ್ತಿದ್ದುದು ಕಡಿಮೆ. ಮನೆಮಾತು ಉರ್ದು. ನಾನು ಮಕ್ಕಳ ವೈದ್ಯೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲೇ ನನ್ನ ಕೆಲಸವೆಲ್ಲ ನಡೆದದ್ದು. ಇದು ನಡೆದದ್ದು ಆ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಊರಿನ ಹೆಸರು ಬೇಡ.

ಅವಳಿಗೆ ಎಚ್ಚರ ಚೆನ್ನಾಗಿದ್ದುದರಿಂದ, ಮಿದುಳಿನ ಒತ್ತಡ ಏರಿದ ಲಕ್ಷಣವೂ ಇಲ್ಲದ್ದರಿಂದ, ಆ ಸಂಜೆಯೇ ಬೆನ್ನುಹುರಿಯ ಸುತ್ತಲಿನ ನೀರು ತೆಗೆದೆ. ತಿಳಿಯಾಗಿ ಬರಬೇಕಾದ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿ ಬಂತು. ಮೆನಿಂಜೈಟಿಸ್, ಅದೂ ಬ್ಯಾಕ್ಟೀರಿಯಾದ್ದು. ಪ್ರಯೋಗಾಲಯ ಏನು ಹೇಳುತ್ತದೋ ಎಂದು ಕಾಯದೆ ಔಷಧಿ ಶುರು ಮಾಡಿದೆ. ರಕ್ತದ ಸಕ್ಕರೆ ಸರಿಯಿತ್ತು. ಇನ್ನು ಮಾಡಬೇಕಾದ ಕೆಲಸ ಒಂದೇ: ಮತ್ತೆ ಮತ್ತೆ ನೋಡುವುದು.

ಆ ನೋಡುವುದರಲ್ಲಿ ಒಂದು ಕ್ರಮವಿದೆ. ಕಣ್ಣು, ಮಾತು, ಕೈಕಾಲು. ಕಣ್ಣು ತಾನಾಗಿಯೇ ತೆರೆಯುತ್ತದೋ, ಕರೆದರೆ ತೆರೆಯುತ್ತದೋ, ನೋವು ಕೊಟ್ಟರೆ ಮಾತ್ರವೋ. ಮಾತು ಅದರ ವಯಸ್ಸಿಗೆ ತಕ್ಕಂತಿದೆಯೋ, ತಪ್ಪಿದೆಯೋ, ಬರೀ ನರಳಾಟವೋ. ನೋವು ಕೊಟ್ಟ ಕೈಯನ್ನು ಮಗು ಹುಡುಕಿ ತಳ್ಳುತ್ತದೋ, ತನ್ನ ಕೈಯನ್ನು ಎಳೆದುಕೊಳ್ಳುತ್ತದೋ, ಇಲ್ಲ ತೋಳು ತಾನೇ ತಾನಾಗಿ ಮಡಚಿಕೊಳ್ಳುತ್ತದೋ. ಮೂರಕ್ಕೂ ಅಂಕ ಕೊಟ್ಟು ಕೂಡಿಸುತ್ತೇವೆ. ಪೂರ್ಣ ಎಚ್ಚರಕ್ಕೆ ಹದಿನೈದು. ಏನೂ ಇಲ್ಲದಿದ್ದರೂ ಮೂರು. ಒಂದು ಸಲದ ಅಂಕಕ್ಕೆ ಅಷ್ಟು ಬೆಲೆಯಿಲ್ಲ. ಹಿಂದಿನ ಸಲಕ್ಕಿಂತ ಏರಿತೋ ಇಳಿಯಿತೋ ಎಂಬುದರಲ್ಲೇ ಎಲ್ಲ ಇರುವುದು.

ಮಾರನೆಯ ಬೆಳಿಗ್ಗೆ ಹೋದಾಗ ಮಕ್ಕಳ ವಾರ್ಡಿನಲ್ಲಿ ಅವಳ ಮಂಚ ಖಾಲಿಯಿತ್ತು. ನರ್ಸು ಓಡಿ ಬಂದು, "ಮೇಲಕ್ಕೆ ಹಾಕಿಸಿದಾರೆ ಮೇಡಂ, ಹೊಸ ಐಸಿಯುಗೆ. ದೊಡ್ಡ ಡಾಕ್ಟ್ರು ಹೇಳಿದ್ರು" ಎಂದಳು.

ದೊಡ್ಡ ಡಾಕ್ಟರೆಂದರೆ ಆಸ್ಪತ್ರೆಯ ಮಾಲೀಕರು, ವೃತ್ತಿಯಲ್ಲಿ ಸರ್ಜನ್. ಮಕ್ಕಳ ಐಸಿಯುವಿನ ಉದ್ಘಾಟನೆ ಆ ದಿನವೇ ಇತ್ತು. ಅದು ನನಗೆ ಗೊತ್ತಿತ್ತು. ಉದ್ಘಾಟನೆಗೆ ರೋಗಿಯೊಬ್ಬಳು ಬೇಕಾಗುತ್ತಾಳೆ ಎಂಬುದು ಗೊತ್ತಿರಲಿಲ್ಲ.

ಮೇಲೆ ಹೋದರೆ ಬಾಗಿಲಿಗೆ ಬಾಳೆಕಂದು, ಮಾವಿನ ಸೊಪ್ಪು, ಅಡ್ಡಕ್ಕೆ ಕೆಂಪು ಟೇಪು. ಒಳಗೆ ಪೇಂಟಿನ ವಾಸನೆ ಇನ್ನೂ ಆರಿರಲಿಲ್ಲ. ಅದರ ಜೊತೆಗೆ ಸೇವಂತಿಗೆ ಹಾರ, ಊದುಬತ್ತಿ, ಫಿನಾಯಿಲು. ಜ್ವರದ ಮಗುವಿಗಿರಲಿ, ನನಗೇ ತಲೆ ತಿರುಗುವಂತಿತ್ತು. ಆರು ಮಂಚದಲ್ಲಿ ಐದು ಖಾಲಿ. ಬಾಗಿಲಿಗೆ ಹತ್ತಿರದ ಮಂಚದಲ್ಲಿ, ಹೊಸ ಗುಲಾಬಿ ಹೊದಿಕೆಯ ಕೆಳಗೆ ಮುನ್ನಿ. ಯಾರೋ ತಲೆ ಬಾಚಿ ಎರಡು ಜಡೆ ಹಾಕಿದ್ದರು. ಪಕ್ಕದಲ್ಲಿ ವೆಂಟಿಲೇಟರು, ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಮೇಲಿನಿಂದ ಅರ್ಧ ತೆಗೆದಿದ್ದರು. ನಾನು ಗೋಡೆಯ ಆಕ್ಸಿಜನ್ ಪಾಯಿಂಟಿಗೆ ಪೈಪು ಸಿಕ್ಕಿಸಿ ತಿರುಗಿಸಿದೆ. ಏನೂ ಬರಲಿಲ್ಲ. ಗೋಡೆಯ ಹಿಂದೆ ಪೈಪಿನ ಸಂಪರ್ಕವನ್ನೇ ಕೊಟ್ಟಿರಲಿಲ್ಲ. ಮುಂದೆ ಹೊಳೆಯುವ ಹಿತ್ತಾಳೆ ಬಾಯಿ, ಹಿಂದೆ ಸಿಮೆಂಟು.

ಕೆಳಗಿನಿಂದ ಸಿಲಿಂಡರು ತರಿಸಿಕೊಂಡೆ. ತಾಯಿಗೆ ಮಗುವನ್ನು ಕರೆಯಲು ಹೇಳಿದೆ. ಮನೆಮಾತಿನಲ್ಲಿ, ಮನೆಯವರ ದನಿಯಲ್ಲಿ ಕರೆದರೆ ಸಿಗುವ ಉತ್ತರವೇ ನಿಜವಾದ ಉತ್ತರ.

"ಮುನ್ನಿ, ಆಂಖಾಂ ಖೋಲ್ ಬೇಟಾ."

ಕಣ್ಣು ತೆರೆದಳು. ತಾಯಿಯನ್ನು ನೋಡಿದಳು, ಆದರೆ ಹೆಸರು ಕೇಳಿದರೆ "ಪಾನಿ" ಎಂದಳು, ಊರು ಕೇಳಿದರೂ "ಪಾನಿ" ಎಂದಳು. ನೀರು ಕೊಟ್ಟರೆ ಬೇಡವೆಂದು ಮುಖ ತಿರುಗಿಸಿದಳು. ಉಗುರು ಒತ್ತಿದರೆ ಇನ್ನೊಂದು ಕೈ ತಂದು ನನ್ನ ಬೆರಳನ್ನು ತಳ್ಳಿದಳು. ಹನ್ನೆರಡು. ಹಿಂದಿನ ಸಂಜೆ ಹದಿನಾಲ್ಕಿತ್ತು. ಕಚ್ಚಿದ ಹುಡುಗಿ ಒಂದು ರಾತ್ರಿಯಲ್ಲಿ ಎರಡು ಮೆಟ್ಟಿಲು ಇಳಿದಿದ್ದಳು.

ಮಾಲೀಕರಿಗೆ ಹೇಳಿದೆ. ಮೈಸೂರಿಗೆ ಕಳಿಸುವುದು ಒಳ್ಳೆಯದು, ಇಲ್ಲಿ ಉಸಿರಾಟ ನಿಂತರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದೆ. ಅವರು ಹೊಸ ಸೂಟು ಹಾಕಿದ್ದರು.

"ಎಚ್ಚರ ಇದೆಯಲ್ಲ ಡಾಕ್ಟ್ರೇ? ಆ್ಯಂಟಿಬಯೋಟಿಕ್ ಹೋಗ್ತಿದೆ. ಫಂಕ್ಷನ್ ಮುಗೀಲಿ, ಆಮೇಲೆ ನೋಡೋಣ. ಉದ್ಘಾಟನೆ ದಿನವೇ ಮೊದಲನೇ ಪೇಷಂಟನ್ನ ಹೊರಗೆ ಕಳಿಸಿದ್ರೆ ಜನ ಏನಂತಾರೆ? ಯಾವ ಭಾಗ್ಯಕ್ಕೆ ಐಸಿಯು ಕಟ್ಟಿಸಿದ್ರಿ ಅಂತಾರೆ."

ನಾನು ವಾದಿಸಿದೆ. ಅವರು ಫೋನು ತೆಗೆದುಕೊಂಡು ಆಚೆ ಹೋದರು. ಹನ್ನೆರಡು ಅಂಕದ ಮಗುವಿಗೆ ಮೊದಲ ದಿನ ಔಷಧಿ ಹಿಡಿಯಲು ಸಮಯ ಕೊಡುವುದುಂಟು. ಹಾಗಾಗಿ ನಾನೂ ಮಂಚ ಬಿಟ್ಟು ಕದಲದೆ ಅಲ್ಲೇ ನಿಂತೆ.

ಉದ್ಘಾಟಿಸಬೇಕಿದ್ದ ಮುಖಂಡರು ಬರುವುದು ತಡವಾಯಿತು. ಅವರಿಗೆ ಯಾವ ಹುದ್ದೆಯಿತ್ತು, ಯಾವ ಪಕ್ಷ ಎಂಬುದು ಇಲ್ಲಿ ಮುಖ್ಯವಲ್ಲ. ಊರು ಅವರನ್ನು ಅಣ್ಣೋರು ಎನ್ನುತ್ತಿತ್ತು. ಅಷ್ಟರಲ್ಲಿ ಮುನ್ನಿ ಕರೆದರೂ ಕಣ್ಣು ತೆರೆಯುವುದು ನಿಧಾನವಾಗುತ್ತ ಬಂತು. ತಾಯಿ ಎರಡು ಸಲ, ಮೂರು ಸಲ ಕರೆಯಬೇಕಾಯಿತು. ಬಂದವರೆಲ್ಲ, "ಪಾಪ ನಿದ್ದೆ ಮಾಡ್ಲಿ ಬುಡಿ" ಎಂದರು. ಮಿದುಳು ಊದಿಕೊಳ್ಳುತ್ತಿರುವ ಮಗು ನೋಡುವವರಿಗೆ ಚೆನ್ನಾಗಿ ನಿದ್ದೆ ಮಾಡುತ್ತಿರುವಂತೆಯೇ ಕಾಣುತ್ತದೆ. ನಾನು ಎಬ್ಬಿಸಿ ಎಬ್ಬಿಸಿ ಕೆಟ್ಟವಳಾದೆ.

ನಾಲ್ಕನೆಯ ಸಲ ಕರೆಯುವಷ್ಟರಲ್ಲಿ ಕೆಳಗೆ ವಾಲಗ ಶುರುವಾಯಿತು.

ಟೇಪು ಕತ್ತರಿಸಿದರು. ಮೂವತ್ತು ನಲವತ್ತು ಜನ ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿದರು. ನಾನು ಬಾಗಿಲಲ್ಲಿ ಕೈ ಅಡ್ಡ ಹಿಡಿದು, "ಇದು ಸೋಂಕಿರೋ ಮಗು, ಇಷ್ಟು ಜನ ಬರಬಾರದು" ಎಂದು ಕೂಗಿದ್ದು ಯಾರಿಗೂ ಕೇಳಲಿಲ್ಲ. ಫೋನುಗಳು ಮೇಲೆದ್ದವು. ಮುಖಂಡರು ಮಂಚದ ಹತ್ತಿರ ಬಂದು ಮಗುವಿನ ಹಣೆ ಮುಟ್ಟಿದರು.

"ಮಲಗ್ಬುಟ್ಟೈತಲ್ಲಪ್ಪ ಮಗ" ಎಂದರು.

"ಇಲ್ಲಣ್ಣ, ಎಚ್ಚರ ಇದೆ, ನೋಡಿ" ಎಂದರು ಮಾಲೀಕರು. ಎಂದವರೇ ಬಗ್ಗಿ, ಬೆರಳ ಗಿಣ್ಣುಗಳನ್ನು ಮಗುವಿನ ಎದೆಮೂಳೆಯ ಮೇಲಿಟ್ಟು ಬಲವಾಗಿ ಉಜ್ಜಿದರು.

ನೋವು ಕೊಟ್ಟು ಎಚ್ಚರ ನೋಡಲು ಹಾಗೆ ಉಜ್ಜುವುದನ್ನು ಬಿಟ್ಟುಬಿಡಿ, ಮಕ್ಕಳ ಚರ್ಮ ಕಂದುತ್ತದೆ ಎಂದು ನಾನು ನರ್ಸುಗಳಿಗೆ ಹೇಳಿಕೊಡುತ್ತಿದ್ದೆ. ಮುನ್ನಿ ನರಳಿದಳು. ರೆಪ್ಪೆ ಬಿಚ್ಚಿಕೊಂಡವು. ಎರಡೂ ತೋಳು ಮೊಣಕೈಯಲ್ಲಿ ಮಡಚಿ, ಮುಷ್ಟಿ ಬಿಗಿದು, ಮಣಿಕಟ್ಟು ಒಳಕ್ಕೆ ತಿರುಗಿ, ನಿಧಾನವಾಗಿ ಎದೆಯ ಮೇಲೆ ಬಂದು ಕೂಡಿದವು.

"ನೋಡ್ರಪ್ಪಾ! ಮಗ ನಂಗೆ ಕೈ ಮುಗೀತಾ ಅವ್ಳೆ!" ಎಂದರು ಮುಖಂಡರು.

ಚಪ್ಪಾಳೆ. ಶಿಳ್ಳೆ ಕೂಡ. ಬಾಗಿಲ ಬಳಿ ನಿಂತಿದ್ದ ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ, ಸಂತೋಷಕ್ಕೆ. ನಮ್ಮ ನರ್ಸುಗಳೂ ಚಪ್ಪಾಳೆ ತಟ್ಟುತ್ತಿದ್ದರು. ಮಾಲೀಕರು ನನ್ನ ಕಡೆ ನೋಡಿದರು, ಕೂಡಲೇ ಬೇರೆ ಕಡೆ ನೋಡಿದರು. ಅವರು ಸರ್ಜನ್. ತೋಳು ಹಾಗೆ ಮಡಚಿದರೆ ಏನೆಂದು ಅವರಿಗೆ ಗೊತ್ತಿರಲೇಬೇಕು. ಮಿದುಳಿನ ಮೇಲಿನ ಭಾಗದ ಹಿಡಿತ ತಪ್ಪಿ, ಕೆಳಗಿನ ಭಾಗವೊಂದೇ ದೇಹವನ್ನು ಆಡಿಸುತ್ತಿರುವಾಗ ತೋಳು ಹಾಗೆ ಬರುತ್ತದೆ. ಅಲ್ಲಿ ವಂದನೆಯಿಲ್ಲ, ವ್ಯಕ್ತಿಯೇ ಇಲ್ಲ. ಏಳು ಅಂಕ.

ನನಗೆ ಬಾಯೊಳಗೆ ಹುಳಿ ನೀರು ಬಂತು. ಮಾತಿಗೆ ಹೇಳುತ್ತಿಲ್ಲ; ನಿಜಕ್ಕೂ ವಾಕರಿಕೆ ಬಂದು, ಮೂಲೆಯ ಸಿಂಕಿಗೆ ಹೋಗಿ ಉಗಿದೆ. ಹೊಸ ಸಿಂಕು. ನಲ್ಲಿ ತಿರುಗಿಸಿದರೆ ನೀರೂ ಇರಲಿಲ್ಲ.

ಜನ ಊಟಕ್ಕೆ ಇಳಿದ ಮೇಲೆ ಟಾರ್ಚು ಹಾಕಿ ನೋಡಿದೆ. ಬಲಗಣ್ಣಿನ ಪಾಪೆ ಎಡಗಣ್ಣಿನದಕ್ಕಿಂತ ದೊಡ್ಡದಾಗಿತ್ತು, ಬೆಳಕಿಗೆ ಸೋಮಾರಿಯಾಗಿ ಕುಗ್ಗಿತು. ನಾಡಿ ನಿಧಾನವಾಗಿತ್ತು, ರಕ್ತದೊತ್ತಡ ಏರಿತ್ತು. ತಲೆಯ ಕಡೆ ಮಂಚ ಎತ್ತರಿಸಿ, ಊತ ಇಳಿಸುವ ಔಷಧಿಯನ್ನು ರಕ್ತನಾಳಕ್ಕೆ ಹಾಕಿಸಿದೆ. ಮೈಸೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಫೋನು ಮಾಡಿ ಹಾಸಿಗೆ ಕೇಳಿದೆ; ಕೊಟ್ಟರು. ಆಮೇಲೆ ಕೆಳಗೆ ಹೋಗಿ ಮಾಲೀಕರನ್ನು ಊಟದ ಪೆಂಡಾಲಿನ ಪಕ್ಕಕ್ಕೆ ಕರೆದೆ.

"ನೀವು ನೋಡಿದ್ರಿ" ಎಂದೆ.

"ಏನು ನೋಡಿದೆ?"

"ಕೈ ಹೇಗೆ ಬಂತು ಅಂತ ನೋಡಿದ್ರಿ ಸಾರ್."

ಅವರು ದನಿ ತಗ್ಗಿಸಿದರು. "ಅಣ್ಣೋರು ಎಲ್ಲರ ಮುಂದೆ ಹುಷಾರಾಗಿದೆ ಅಂದುಬಿಟ್ಟಿದಾರೆ. ಈಗ ಅವರು ಹೋಗೋ ಮುಂಚೆ ಆಂಬುಲೆನ್ಸಿಗೆ ಹಾಕಿದ್ರೆ ಅವರಿಗೆ ಅವಮಾನ. ಸಂಜೆ ಕಳಿಸಿ. ಅಷ್ಟಕ್ಕೂ ಅಪ್ಪ ಒಪ್ಪಬೇಕಲ್ಲ? ಹೋಗಿ ಕೇಳಿ."

ಅವರಿಗೆ ಗೊತ್ತಿತ್ತು. ಅಪ್ಪ ಒಪ್ಪಲಿಲ್ಲ.

ಅವನು ಐಸಿಯುವಿನ ಹೊರಗೆ ಫೋನು ಹಿಡಿದು ನಿಂತಿದ್ದ. ವಿಡಿಯೋ ಆಗಲೇ ಅವನ ಕೇರಿಯ ಗುಂಪಿಗೆ ಬಂದು, ಅಲ್ಲಿಂದ ಶೀಳನೆರೆಯ ಅವನ ನೆಂಟರವರೆಗೂ ಹೋಗಿತ್ತಂತೆ. ಎಲ್ಲರೂ ಫೋನು ಮಾಡುತ್ತಿದ್ದರು.

"ಕಣ್ ಬುಟ್ಲಲ್ಲ ಮೇಡಂ! ಅಷ್ಟ್ ಜನ ನೋಡುದ್ರು. ಅಣ್ಣೋರ್ಗೆ ಕೈ ಮುಗುದ್ಲು. ಇನ್ಯಾಕೆ ಮೈಸೂರು?" ಎಂದ. ನನ್ನ ಮೇಲೆ ಸಿಟ್ಟೂ ಇತ್ತು ಅವನಿಗೆ. "ನೀವ್ ಬೆಳಗಿಂದ್ಲೂ ಎದ್ರುಸ್ತಾನೇ ಇದ್ದೀರಿ. ದೊಡ್ ಡಾಕ್ಟ್ರು ಏನೂ ಇಲ್ಲ ಅಂತಾವ್ರೆ. ನಾನ್ಯಾರ್ ಮಾತ್ ಕೇಳ್ಳಿ?"

ಪಾಪೆ, ಒತ್ತಡ, ಊತ ಎಂದು ವಿವರಿಸಿದೆ. ಅವನ ಕಣ್ಣು ಫೋನಿನ ಮೇಲೇ ಇತ್ತು. ಅದರಲ್ಲಿ ಅವನ ಮಗಳು ಮತ್ತೆ ಮತ್ತೆ ಕೈ ಮುಗಿಯುತ್ತಿದ್ದಳು. ನನ್ನ ಮಾತು ಆ ಚಿತ್ರವನ್ನು ಗೆಲ್ಲುವಂತಿರಲಿಲ್ಲ. ಸಮಯವೂ ಇರಲಿಲ್ಲ. ಆಗ ನಾನು ಒಂದು ನಿರ್ಧಾರಕ್ಕೆ ಬಂದೆ. ಅದು ಸರಿಯಾದ ನಿರ್ಧಾರವೆಂದು ಇಂದಿಗೂ ಹೇಳುತ್ತೇನೆ. ಅದರ ಬಗ್ಗೆ ಇಂದಿಗೂ ಹೇಸಿಕೆಯಿದೆ.

"ಒಳಗೆ ಬನ್ನಿ. ನಾನೇನೂ ಹೇಳಲ್ಲ. ನೀವೇ ನೋಡಿ, ಆಮೇಲೆ ನಿಮ್ಮಿಷ್ಟ" ಎಂದೆ.

ಅವನನ್ನು ಮಂಚದ ತಲೆಯ ಹಿಂದೆ ನಿಲ್ಲಿಸಿದೆ. ತಾಯಿಯನ್ನು ಅವನ ಪಕ್ಕಕ್ಕೆ ಕರೆದೆ. ಮಗುವಿನ ಎದುರು ಯಾರೂ ಇರಲಿಲ್ಲ, ಬರೀ ಗೋಡೆ.

"ಕರೀರಿ" ಎಂದೆ.

"ಮುನ್ನಿ" ಎಂದ. ಇನ್ನೊಂದು ಸಲ ಕರೆದ. ಅಂಗಡಿಯಿಂದ ಮನೆಗೆ ಹೋದಾಗ ಬಾಗಿಲಲ್ಲಿ ನಿಂತು ಕರೆಯುವ ದನಿ ಇರಬೇಕು, ರಾಗವಾಗಿ ಕರೆದ. ತಾಯಿ ಬಗ್ಗಿ, ಅಪ್ಪ ಕರೀತಿದಾರೆ ನೋಡು ಎನ್ನುವಂತೆ, "ಅಬ್ಬಾ ಬುಲಾರೈಂ, ದೇಖ್" ಎಂದಳು. ಹುಡುಗಿ ಅಲುಗಲಿಲ್ಲ.

ಅವಳ ಬೆರಳಿನ ಉಗುರಿನ ಬುಡಕ್ಕೆ ಪೆನ್ನು ಅಡ್ಡ ಇಟ್ಟು ಹೆಬ್ಬೆರಳಿಂದ ಒತ್ತಿದೆ. ಸಣ್ಣಗೆ ನರಳಿದಳು. ಕಣ್ಣು ಬಿಚ್ಚಿಕೊಂಡಿತು. ಎರಡು ತೋಳೂ ಮಡಚಿ, ಮುಷ್ಟಿ ಕಟ್ಟಿ, ಎದೆಯ ಮೇಲೆ ಬಂದವು. ಎದುರಿಗೆ ಗೋಡೆ. ಅಪ್ಪ ತಲೆಯ ಹಿಂದಿನಿಂದ ಬಗ್ಗಿ ಅವಳ ಕಣ್ಣಿನ ನೇರಕ್ಕೆ ತನ್ನ ಮುಖ ತಂದ. ಅವಳ ಕಣ್ಣು ಅವನನ್ನು ದಾಟಿ ಎಲ್ಲೋ ಇತ್ತು.

"ನಾನು ಇನ್ನೊಂದು ಸಲ ಒತ್ತಬೇಕಾ?" ಎಂದೆ.

"ಬ್ಯಾಡಿ" ಎಂದ. ಪೆನ್ನು ಹಿಡಿದ ನನ್ನ ಕೈಯನ್ನು ಹಿಡಿದುಕೊಂಡ. "ಬುಡಿ ಮೇಡಂ, ಸಾಕು. ಒತ್ಬ್ಯಾಡಿ." ತಾಯಿಗೆ ಏನೂ ಹೇಳಬೇಕಾಗಿರಲಿಲ್ಲ, ಅವಳು ಆಗಲೇ ಬಟ್ಟೆಯ ಚೀಲ ಎತ್ತಿಕೊಂಡಿದ್ದಳು. "ಕರ್ಕೊಂಡೋಗಾನ" ಎಂದ ಅಪ್ಪ.

ಏಳು ಅಂಕದ ಮಗುವನ್ನು ಉಸಿರುನಾಳಕ್ಕೆ ಕೊಳವೆ ಹಾಕದೆ ರಸ್ತೆಗಿಳಿಸುವಂತಿಲ್ಲ. ಅರಿವಳಿಕೆ ವೈದ್ಯರ ಭಾವಚಿತ್ರ ಗೇಟಿನ ಫ್ಲೆಕ್ಸಿನಲ್ಲಿತ್ತು, "ದಿನದ ಇಪ್ಪತ್ನಾಲ್ಕು ಗಂಟೆ" ಎಂಬ ಸಾಲಿನ ಕೆಳಗೆ. ವಾರಕ್ಕೊಮ್ಮೆ ಬರುವ ಮನುಷ್ಯ. ಆ ದಿನ ಊಟಕ್ಕೆಂದು ಬಂದಿದ್ದರು. ಹೋಳಿಗೆ ಬಡಿಸುವ ಹೊತ್ತಿಗೆ ಎಬ್ಬಿಸಿದೆ. ಅವರ ಪರವಾಗಿ ಒಂದು ಮಾತು ಹೇಳಲೇಬೇಕು: ಎಲೆಯ ಮುಂದಿನಿಂದ ಒಂದೂ ಪ್ರಶ್ನೆ ಕೇಳದೆ ಎದ್ದು ಬಂದರು. ಮಗುವನ್ನು ನೋಡಿ ಒಂದು ಕೆಟ್ಟ ಬೈಗುಳ ಬೈದು ಕೊಳವೆ ಹಾಕಿದರು. ಎದೆಯ ಎರಡೂ ಕಡೆ ಗಾಳಿ ಹೋಗುವುದನ್ನು ಇಬ್ಬರೂ ಕೇಳಿ ಖಚಿತ ಮಾಡಿಕೊಂಡೆವು. ಕೊಳವೆಗೆ ಸಿಕ್ಕಿಸಿದ ರಬ್ಬರ್ ಚೀಲ ಒತ್ತಿ ಉಸಿರು ಕೊಡುವ ಕೆಲಸ ನನ್ನದಾಯಿತು.

ಆಂಬುಲೆನ್ಸಿನ ಮುಂದೆ ಮುಖಂಡರ ಕಡೆಯ ಕಾರುಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳು ಊಟಕ್ಕೆ ಕೂತಿದ್ದರು. ನಾನು ಸ್ಟ್ರೆಚರಿನ ಪಕ್ಕ ಚೀಲ ಒತ್ತುತ್ತ ಬಿಸಿಲಲ್ಲಿ ನಿಂತೆ. ಅಪ್ಪ ಪೆಂಡಾಲಿನೊಳಗೆ ಹೋಗಿ, ಸೀದಾ ಮುಖಂಡರ ಎಲೆಯ ಮುಂದೆ ನಿಂತ.

"ಅಣ್ಣ, ಕಾರ್ ತೆಗುಸ್ರಿ. ಮಗೀನ ಮೈಸೂರ್ಗೆ ಕರ್ಕೊಂಡೋಗ್ಬೇಕು."

"ಯಾಕ್ಲಾ? ಈಗಿನ್ನೂ ಚೆನ್ನಾಗಿದ್ಲಲ್ಲ" ಎಂದರು ಅವರು. ಅವರ ಆಶ್ಚರ್ಯ ನಿಜವಾದದ್ದೇ. ಮಾಲೀಕರು ನಡುವೆ ಬಾಯಿ ಹಾಕಿ, "ಏನಿಲ್ಲಣ್ಣ, ಒಂದು ಸ್ಕ್ಯಾನಿಂಗು, ಸುಮ್ನೆ" ಎಂದರು.

"ಓಗ್ಬುಟ್ ಬಾ, ಏನೂ ಆಗಾಕಿಲ್ಲ" ಎಂದು ಮುಖಂಡರು ಕೈ ಎತ್ತಿ ಯಾರಿಗೋ ಸನ್ನೆ ಮಾಡಿದರು. "ಲೇ, ಕಾರ್ ತೆಗೀರ್ಲಾ. ಆ ಮಗ ನಂಗೇ ಕೈ ಮುಗ್ದೈತೆ."

ಪಾಂಡವಪುರ ದಾಟುವವರೆಗೆ ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಚೀಲ ಒತ್ತುವುದು, ಎದೆ ಏರುವುದನ್ನು ನೋಡುವುದು, ಟಾರ್ಚು ಹಾಕುವುದು. ಕೊಳವೆ ಹಾಕಲು ಕೊಟ್ಟ ಔಷಧಿಯಿಂದ ಕಣ್ಣು, ಮಾತು, ಕೈಕಾಲು ಯಾವುದನ್ನೂ ನೋಡುವಂತಿರಲಿಲ್ಲ. ಉಳಿದದ್ದು ಪಾಪೆಗಳು ಮಾತ್ರ. ಶ್ರೀರಂಗಪಟ್ಟಣದ ಹತ್ತಿರ ಬಲಪಾಪೆ ಎಡದರ ಸಮಕ್ಕೆ ಬಂದಿತ್ತು. ತಪ್ಪು ನೋಡಿದೆನೇನೋ ಎಂದು ಜೊತೆಯಲ್ಲಿದ್ದ ನರ್ಸಿನ ಕೈಗೆ ಟಾರ್ಚು ಕೊಟ್ಟು ನೋಡಿಸಿದೆ. ಅವಳೂ ಹೌದೆಂದಳು. ಅವಳು ಬೆಳಿಗ್ಗೆ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬಳು. ಟಾರ್ಚು ವಾಪಸು ಕೊಡುವಾಗ, "ನಂಗೆ ಗೊತ್ತಾಗ್ಲಿಲ್ಲ ಮೇಡಂ" ಎಂದಳು. ನಾನು ಚೀಲ ಒತ್ತುತ್ತಲೇ ಇದ್ದೆ. ಅವಳ ಮೇಲೆ ಅಸಹ್ಯಪಡುವಷ್ಟು ಕೂಡ ಪುರುಸೊತ್ತಿರಲಿಲ್ಲ.

ಮೈಸೂರಿನಲ್ಲಿ ಸ್ಕ್ಯಾನು ಮಾಡಿದರು. ಮಿದುಳು ತುಂಬ ಊದಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಬರುವುದೇ ಬೇಕಿರಲಿಲ್ಲ ಎಂದರು ಅಲ್ಲಿನ ವೈದ್ಯರು. ಇದನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಹಲವು ದಿನ ಯಂತ್ರ ಅವಳ ಪರವಾಗಿ ಉಸಿರಾಡಿತು. ಆ ಮೇಲೆ ಯಂತ್ರ ತೆಗೆದರು. ನಾನು ಆಗಾಗ ಹೋಗಿ ನೋಡುತ್ತಿದ್ದೆ. ಒಂದು ದಿನ ಹೋದಾಗ, ಸೂಜಿ ಚುಚ್ಚಲು ಬಂದ ನರ್ಸಿನ ಕೈಯನ್ನು ಒದ್ದು, ಮುನ್ನಿ ಉರ್ದುವಿನಲ್ಲಿ ಒಂದೇ ಸಮನೆ ಬಯ್ಯುತ್ತಿದ್ದಳು. "ಏನೇನೋ ಬಡಬಡಿಸ್ತಿದೆ" ಎಂದರು ಅಲ್ಲಿನವರು. ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬಡಬಡಿಕೆಯಲ್ಲ, ಆ ನರ್ಸಿನ ಅಜ್ಜಿಯವರೆಗೂ ಹೋಗಿ ಬೈದಿದ್ದಳಂತೆ. ಮಾತಿಗೆ ಪೂರ್ತಿ ಅಂಕ.

ನಡಿಗೆ ಬಂತು, ಊಟ ಬಂತು. ಆದರೆ ಹಿಂದಿನಿಂದ ಯಾರು ಕರೆದರೂ ತಿರುಗುತ್ತಿರಲಿಲ್ಲ. ಪರೀಕ್ಷೆ ಮಾಡಿದರು. ಬಲಕಿವಿ ಪೂರ್ತಿ ಹೋಗಿತ್ತು, ಎಡಕಿವಿಯಲ್ಲಿ ಅಲ್ಪಸ್ವಲ್ಪ ಉಳಿದಿತ್ತು. ಈ ಕಾಯಿಲೆ ಹಾಗೆ ಮಾಡುತ್ತದೆ. ಬೆಳಿಗ್ಗೆಯೇ ಕಳಿಸಿದ್ದರೂ ಕಿವಿ ಹೋಗುತ್ತಿತ್ತೇನೋ. ಯಾರೂ ಹೇಳಲಾರರು. ಆ ಹೇಳಲಾಗದ್ದರ ಹಿಂದೆ ಅಡಗಿ ಕೂರಲು ಎಷ್ಟು ಜನಕ್ಕೆ ಜಾಗವಿದೆ ಎಂಬುದೇ ನನಗೆ ಹೇಸಿಗೆ.

ನಾನು ಆ ಆಸ್ಪತ್ರೆಯ ಕೆಲಸ ಬಿಟ್ಟೆ. ಬೇಡವೆಂದು ಯಾರೂ ತಡೆಯಲಿಲ್ಲ.

ಅವಳನ್ನು ಮನೆಗೆ ಕಳಿಸುವ ದಿನ ನಾನು ವಾರ್ಡಿನಲ್ಲಿದ್ದೆ. ಮಾಲೀಕರು ಬಂದರು, ಕೈಯಲ್ಲಿ ಸ್ವೀಟ್ ಬಾಕ್ಸು, ಹಿಂದೆ ಫೋನು ಹಿಡಿದ ಒಬ್ಬ ಹುಡುಗ. ನನ್ನನ್ನು ನೋಡಿಯೂ ನೋಡದವರಂತೆ ಮಂಚದ ಹತ್ತಿರ ಹೋಗಿ, ಮಗುವಿನ ಕಡೆ ಬಗ್ಗಿ, ಫೋನಿಗೆ ಕೇಳುವಂತೆ ದೊಡ್ಡ ದನಿಯಲ್ಲಿ, "ಏನು ಪುಟ್ಟಿ, ಹುಷಾರಾದ್ಯಾ? ನಮ್ಮ ಆಸ್ಪತ್ರೆ ನೆನಪಿದ್ಯಾ?" ಎಂದರು.

ಅಪ್ಪ ಎದ್ದು ನಡುವೆ ಬಂದು ನಿಂತ. ದನಿ ಏರಿಸಲಿಲ್ಲ.

"ಅವ್ಳ್ಗೆ ಕಿವಿ ಕೇಳಾಕಿಲ್ಲ ಸಾರ್. ಏನ್ ಏಳಾದಿದ್ರೂ ನಂಗೇಳಿ."

ಮಾಲೀಕರು ಬಾಯಿ ತೆರೆದರು. ಹಿಂದಿನ ಹುಡುಗ ಫೋನು ಕೆಳಗಿಳಿಸಿದ. ಅಪ್ಪ ಕಾಯುತ್ತಲೇ ನಿಂತಿದ್ದ, ನಿಜವಾಗಿಯೂ ಏನಾದರೂ ಹೇಳುತ್ತಾರೆಂದು. ಹೇಳಲಿಲ್ಲ. ಬಾಕ್ಸನ್ನು ಮೇಜಿನ ಮೇಲಿಟ್ಟು, ಯಾರೋ ಕರೆದರೆಂಬಂತೆ ಹೊರಟುಹೋದರು.

ಬಟ್ಟೆಬರೆ ಕಟ್ಟಿದರು. ತಾಯಿ ಮುನ್ನಿಗೆ ಚಪ್ಪಲಿ ಹಾಕುತ್ತಿದ್ದಳು. ಅಪ್ಪ ನನ್ನ ಜೊತೆ ಕಾರಿಡಾರಿನವರೆಗೆ ಬಂದ. ಔಷಧಿ ಯಾವ ಹೊತ್ತಿಗೆ, ಕಿವಿಯ ಮಿಷನ್ನಿಗೆ ಎಲ್ಲಿಗೆ ಹೋಗಬೇಕು ಎಂದೆಲ್ಲ ಕೇಳಿ ತಿಳಿದುಕೊಂಡ. ಆಮೇಲೂ ಹೋಗದೆ ನಿಂತ.

"ಇನ್ನೊಂದ್ ಕೇಳ್ಬೇಕಿತ್ತು ಮೇಡಂ. ಆವತ್ತು ಪೆನ್ನಿಟ್ಟು ಉಗುರ್ನ ಒತ್ತುದ್ರಲ್ಲ, ಅದು ಅವ್ಳ್ಗೆ ಗ್ಯಾಪ್ಕ ಇರ್ತದಾ?"

"ಇಲ್ಲ. ಆ ಸ್ಥಿತಿಯಲ್ಲಿದ್ದಾಗಿನದು ಯಾವುದೂ ನೆನಪಿರಲ್ಲ" ಎಂದೆ.

ಅವನು ತಲೆಯಾಡಿಸಿದ.

"ನಂಗಿರ್ತದೆ" ಎಂದ.